ತೊಡೆಯ ಗಡ್ಡೆ: ತೆಗೆಸುವ ಮೊದಲು ಸ್ಕ್ಯಾನ್ ಮಾಡಿಸಬೇಕೇ?

ಚನ್ನಗಿರಿ ಕಡೆಯ ಹಳ್ಳಿಯಲ್ಲಿರುವ ನಿಮ್ಮ ತಂದೆಯವರ ತೊಡೆಯ ಮುಂಭಾಗದಲ್ಲಿ ಕೆಲವು ತಿಂಗಳಿಂದ ನೋವಿಲ್ಲದ ಗಡ್ಡೆಯೊಂದು ದೊಡ್ಡದಾಗುತ್ತಿದೆ, ಕೊಬ್ಬಿನ ಗಡ್ಡೆ ಎಂದು ಸ್ಥಳೀಯ ವೈದ್ಯರು ಅದನ್ನು ಮರಗಟ್ಟಿಸಿ ತೆಗೆಯಲು ಸಿದ್ಧರಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸಕನಾಗಿರುವ ನನ್ನ ಅಭಿಪ್ರಾಯದಲ್ಲಿ, ಎಂಆರ್‌ಐ ಸ್ಕ್ಯಾನ್ ಮತ್ತು ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಆಗುವವರೆಗೆ ಒಪ್ಪಬಾರದು.

ಇಂತಹ ಗಡ್ಡೆಗಳಲ್ಲಿ ಹೆಚ್ಚಿನವು ನಿಜಕ್ಕೂ ಕೊಬ್ಬಿನವೇ. ಸಾರ್ಕೋಮಾ ಎಂಬ ಮೃದು ಅಂಗಾಂಶದ ಕ್ಯಾನ್ಸರ್ ವಯಸ್ಕರ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 1ರಷ್ಟು ಮಾತ್ರ. ಆದರೆ ಗಡ್ಡೆ 5 ಸೆಂ.ಮೀ. ಮೀರಿದ್ದರೆ, ಬೆಳೆಯುತ್ತಲೇ ಇದ್ದರೆ ಅಥವಾ ಆಳದಲ್ಲಿದ್ದರೆ, ನೋವಿಲ್ಲವೆಂದು ಸಮಾಧಾನ ಪಡುವಂತಿಲ್ಲ. ತಂದೆಯವರನ್ನು ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಲು ಹೇಳಿ. ಸ್ನಾಯು ಬಿಗಿಯಾದೊಡನೆ ಗಡ್ಡೆ ಮೊದಲಿನಂತೆ ಆಚೀಚೆ ಜಾರದಿದ್ದರೆ ಅದು ಆಳದಲ್ಲಿರಬಹುದು. ಎಣ್ಣೆ ಹಚ್ಚಿ ನೀವಿಸುವುದನ್ನಂತೂ ಇಂದೇ ನಿಲ್ಲಿಸಿ.

ಮೊದಲು ಎಂಆರ್‌ಐ ಆಗಬೇಕು, ಏಕೆಂದರೆ ಬಯಾಪ್ಸಿಯಿಂದ ಒಳಗೆ ರಕ್ತ ಕಟ್ಟಿಕೊಂಡರೆ ಚಿತ್ರ ಗೊಂದಲವಾಗುತ್ತದೆ. ಆಮೇಲೆ ದಪ್ಪ ಸೂಜಿಯಿಂದ ತುಣುಕು ತೆಗೆಯುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮ ಕಡೆ ಬಹಳ. ಆದರೆ ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಗುರುತಿಸಿದ, ಕಾಲಿನ ಉದ್ದಕ್ಕೆ ಸಾಗುವ ಗೆರೆಯ ಮೇಲೆ ಚುಚ್ಚಿದರೆ, ಸೂಜಿ ಹೋದ ದಾರಿಯನ್ನೂ ಗಡ್ಡೆಯೊಂದಿಗೇ ತೆಗೆದುಬಿಡಬಹುದು. ಸಾರ್ಕೋಮಾದಲ್ಲಿ 50ಕ್ಕೂ ಹೆಚ್ಚು ಬಗೆಗಳಿರುವುದರಿಂದ ಬಯಾಪ್ಸಿಯ ವರದಿ ಬರಲು ದಿನಗಳು ಹಿಡಿಯುತ್ತವೆ. ಕ್ಯಾನ್ಸರ್ ಎಂದು ಖಚಿತವಾದರೆ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ತಿಳಿಯಲು ಎದೆಯ ಸಿಟಿ ಸ್ಕ್ಯಾನ್ ಬೇಕು.

ಸಾರ್ಕೋಮಾದ ಸುತ್ತ ಕಾಣುವ ಪೊರೆ ನಿಜವಾದ ಪೊರೆಯಲ್ಲ. ಒತ್ತಲ್ಪಟ್ಟ ಆ ಅಂಗಾಂಶದೊಳಗೂ ಕ್ಯಾನ್ಸರ್ ಕೋಶಗಳಿರುತ್ತವೆ. ಶೇಂಗಾ ಸುಲಿದಂತೆ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದರೆ ಅವು ಅಲ್ಲೇ ಉಳಿದು, ಎರಡನೇ ಬಾರಿ ಹೆಚ್ಚು ಅಗಲವಾಗಿ ಕತ್ತರಿಸಿ, ಬೇರೆಡೆಯ ಚರ್ಮ ತಂದು ಮುಚ್ಚಬೇಕಾದೀತು. ಆದ್ದರಿಂದ ಸುತ್ತಲಿನ ಆರೋಗ್ಯವಂತ ಅಂಗಾಂಶದ ಹೊದಿಕೆಯೊಂದಿಗೇ ತೆಗೆಯುತ್ತಾರೆ. ಗಡ್ಡೆ ದೊಡ್ಡದೂ ಆಳದ್ದೂ ಆಗಿದ್ದರೆ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆಯೂ ಇರುತ್ತದೆ. ಕಾಲನ್ನೇ ತೆಗೆಯಬೇಕಾದ ಪ್ರಸಂಗ ಇಂದು ಅಪರೂಪ: ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ 1982ರ ಅಧ್ಯಯನದಲ್ಲಿ, ಕೇವಲ 43 ರೋಗಿಗಳಿದ್ದರೂ, ಅಂಗ ಕತ್ತರಿಸಿದವರಿಗೂ ಅಂಗ ಉಳಿಸಿ ವಿಕಿರಣ ಕೊಟ್ಟವರಿಗೂ ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎಂಆರ್‌ಐ ದಾವಣಗೆರೆಯಲ್ಲೇ ಆಗುತ್ತದೆ. ವರದಿ ಅನುಮಾನ ಹುಟ್ಟಿಸಿದರೆ ಬಯಾಪ್ಸಿಗೂ ಮೊದಲೇ ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಬಿಪಿಎಲ್ ಕಾರ್ಡ್ ಇದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ. ಒಂದು ವೇಳೆ ಇದನ್ನು ಓದುವಷ್ಟರಲ್ಲಿ ಗಡ್ಡೆ ತೆಗೆಸಿಯೇ ಆಗಿದ್ದರೆ, ಅದನ್ನು ಎಸೆಯಲು ಬಿಡದೆ ಪರೀಕ್ಷೆಗೆ ಕಳುಹಿಸಿ, ಲ್ಯಾಬ್‌ನಿಂದ ವರದಿಯ ಜೊತೆಗೆ, ಗಡ್ಡೆಯ ತುಣುಕುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ.