ಕಪ್ಪು ಒಂದು ಮನೆಯದು, ಬಸಿ ಇನ್ನೊಂದು ಮನೆಯದೇ?

ಪ್ರಶ್ನೆ: ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಗುಲಾಬಿ ಚಿತ್ರದ, ಚಿನ್ನದ ಅಂಚಿನ ಪಿಂಗಾಣಿ ಕಪ್ಪು-ಬಸಿಯೊಂದಿದೆ. ಬ್ರಿಟಿಷ್ ಪ್ಲಾಂಟರೊಬ್ಬರು ಕಾಫಿ ತೋಟ ಮಾರಿ ಹೋದಾಗ ಬಂಗಲೆಯ ಸಾಮಾನಿನ ಜೊತೆ ಬಂದದ್ದಂತೆ. ಕಪ್ಪಿನ ತಳದಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದಿದೆ, ಬಸಿಯ ತಳದಲ್ಲಿ ಬರಿಯ ‘ಇಂಗ್ಲೆಂಡ್’ ಎಂದಿದೆ. ಇವೆರಡೂ ಒಂದೇ ಜೋಡಿಯವೇ? ಒಳಗಿನ ಕಂದು ಕಲೆ ತೆಗೆಯುವುದು ಹೇಗೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಆಮದಾಗುವ ಸರಕಿನ ಮೇಲೆ ತಯಾರಿಸಿದ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ ವಿಧಿಸಿದ್ದರಿಂದ, 1891ರಿಂದೀಚೆಗೆ ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗಳು ತಮ್ಮ ಮುದ್ರೆಗೆ ‘ಇಂಗ್ಲೆಂಡ್’ ಎಂಬುದನ್ನು ಸಾಮಾನ್ಯವಾಗಿ ಸೇರಿಸತೊಡಗಿದವು. ‘ಮೇಡ್ ಇನ್ ಇಂಗ್ಲೆಂಡ್’ ಎಂಬುದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದ ರೂಢಿ. ಆದರೆ ಎರಡೂ ಮುದ್ರೆಗಳು ಬಹುಕಾಲ ಜೊತೆಜೊತೆಗೇ ಬಳಕೆಯಲ್ಲಿದ್ದುದರಿಂದ, ಅಷ್ಟರಿಂದಲೇ ಜೋಡಿ ಬೇರೆಯೆಂದು ತೀರ್ಮಾನಿಸುವುದು ಆತುರವಾದೀತು.

ಮುದ್ರೆಗಿಂತ ವಸ್ತುವನ್ನೇ ನೋಡುವುದು ಮೇಲು. ಬಸಿಯ ನಡುವಿನ ತಗ್ಗಿನಲ್ಲಿ ಕಪ್ಪಿನ ಪಾದ ಅಲುಗಾಡದೆ ಕೂರಬೇಕು. ತಳದಲ್ಲಿ ಕುಂಚದಿಂದ ಬರೆದ ವಿನ್ಯಾಸದ ಸಂಖ್ಯೆ ಎರಡರಲ್ಲೂ ಒಂದೇ ಆಗಿದ್ದರೆ ಅದು ಬಲವಾದ ಸಾಕ್ಷಿ. ಹಗಲಿನಲ್ಲಿ ಕಿಟಕಿಗೆ ಹಿಡಿದು ಹಿಂದೆ ಬೆರಳಿಟ್ಟು ನೋಡಿರಿ: ಮೂಳೆಯ ಬೂದಿ ಬೆರೆಸಿ ಮಾಡಿದ ಪಿಂಗಾಣಿಯಾದ ಬೋನ್ ಚೈನಾದಲ್ಲಿ ಬೆರಳಿನ ನೆರಳು ಕಾಣುತ್ತದೆ, ಬಿಳುಪು ಕೆನೆಯ ಛಾಯೆಯದಾಗಿರುತ್ತದೆ. ಒಂದು ಹೀಗಿದ್ದು ಇನ್ನೊಂದು ನೀಲಿ ಬೆರೆತ ತಣ್ಣನೆಯ ಬಿಳುಪಾಗಿದ್ದರೆ, ಅವು ಬೇರೆ ಬೇರೆ ಸೆಟ್ಟಿನವು ಎಂದೇ ನನ್ನ ಅಭಿಪ್ರಾಯ. ತಯಾರಕರ ಹೆಸರು ಓದಲು ಸಿಕ್ಕರೆ ಕಾಲ ಇನ್ನಷ್ಟು ಖಚಿತವಾಗುತ್ತದೆ. ರಾಯಲ್ ವೂಸ್ಟರ್ ಕಾರ್ಖಾನೆಯವರು 1892ರಿಂದ ಮುದ್ರೆಯ ಸುತ್ತ ವರ್ಷಕ್ಕೊಂದು ಚುಕ್ಕಿ ಸೇರಿಸುತ್ತ ಹೋದದ್ದರಿಂದ ಚುಕ್ಕಿ ಎಣಿಸಿಯೇ ವರ್ಷ ಹೇಳಬಹುದು.

ಕಲೆಯ ವಿಷಯದಲ್ಲಿ ದಯವಿಟ್ಟು ಅವಸರಪಡಬೇಡಿ. ಹುಣಸೆಹಣ್ಣು, ಬೂದಿ, ಉಕ್ಕಿನ ನಾರು ಯಾವುದನ್ನೂ ಮುಟ್ಟಿಸಬಾರದು. ಚಿನ್ನದ ಅಂಚು ಮೆರುಗಿನ (ಪಿಂಗಾಣಿಯ ಗಾಜಿನಂಥ ಹೊರಪದರದ) ಮೇಲೆ ಕಡಿಮೆ ಶಾಖದಲ್ಲಿ ಸುಟ್ಟ ತೆಳು ಲೇಪವಾದ್ದರಿಂದ ಉಜ್ಜಿದಷ್ಟೂ ಸವೆದುಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಚಹಾದ ಕಲೆ ಮೇಲ್ಮೈಯಲ್ಲಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಅಂಚು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಸಾಕು. ಮೆರುಗಿನ ಕೂದಲೆಳೆಯ ಬಿರುಕುಗಳೊಳಗೆ ಇಳಿದಿದ್ದರೆ ಹಾಗೆಯೇ ಬಿಡಿ. ಬ್ಲೀಚಿನಲ್ಲಿ ನೆನೆಸಿದರೆ ಅದರ ಉಪ್ಪು ಬಿರುಕಿನಲ್ಲಿ ಉಳಿದು, ಒಣಗುವಾಗ ಹರಳುಗಟ್ಟಿ ಮೆರುಗನ್ನೇ ಎಬ್ಬಿಸಬಲ್ಲದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಪತ್ರಿಕೆಯ ಹಾಳೆ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡುವುದೂ ಬೇಡ, ತೇವ ಹೀರಿದ ಕಾಗದ ಬೂಷ್ಟು ಹಿಡಿಯುತ್ತದೆ. ಹಿಡಿಯಿಂದ ಕೊಕ್ಕೆಗೆ ನೇತುಹಾಕದೆ, ನಡುವೆ ಬಿಳಿ ಹತ್ತಿ ಬಟ್ಟೆಯಿಟ್ಟು ಬಸಿಯ ಮೇಲೆಯೇ ಇಡಿ.

ಪ್ರಶ್ನೆ: ಇಂತಹ ಹಳೆಯ ಕಪ್ಪಿನಲ್ಲಿ ದಿನವೂ ಕಾಫಿ ಕುಡಿಯಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡವೆನ್ನುತ್ತೇನೆ. ಹಳೆಯ ಮೆರುಗು ಮತ್ತು ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ, ಸವೆದ ಬಟ್ಟಲಿನಿಂದ ಅದು ಬಿಸಿ ಪಾನೀಯಕ್ಕೆ, ಅದರಲ್ಲೂ ನಿಂಬೆ ಹಿಂಡಿದ ಚಹಾಕ್ಕೆ, ಇಳಿಯಬಹುದು, ಮಕ್ಕಳಿಗಂತೂ ಕೊಡಲೇಬಾರದು. ಶುದ್ಧ ಸಸ್ಯಾಹಾರಿ ಮನೆಯವರು ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಸಾಂಪ್ರದಾಯಿಕ ಇಂಗ್ಲಿಷ್ ಬೋನ್ ಚೈನಾದ ಸುಮಾರು ಅರ್ಧಪಾಲು ದನದ ಮೂಳೆಯ ಬೂದಿ.