ಅಪ್ಪನಿಗೆ ಜಿಸ್ಟ್ ಬಂದರೆ ಮಕ್ಕಳಿಗೂ ಬರುತ್ತದಾ?

ಅಪ್ಪನಿಗೆ 62ನೇ ವಯಸ್ಸಲ್ಲಿ ಜಠರದಲ್ಲಿ ಒಂದು ಜಿಸ್ಟ್ (ಜೀರ್ಣಾಂಗದ ಗೋಡೆಯಲ್ಲಿ ಬೆಳೆಯುವ ಒಂದು ಬಗೆಯ ಕ್ಯಾನ್ಸರ್) ಗಡ್ಡೆ, ಮಕ್ಕಳಾದ ನಾವೂ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದ್ದೀರಿ. ಒಂದೇ ಗಡ್ಡೆ, ವಂಶದಲ್ಲಿ ಬೇರೆ ಯಾರಿಗೂ ಇಲ್ಲ ಅಂದರೆ ಬಹುಮಟ್ಟಿಗೆ ಆನುವಂಶಿಕವಲ್ಲ. ಸಾಮಾನ್ಯವಾಗಿ ಕಿಟ್ ಅಥವಾ ಪಿಡಿಜಿಎಫ್‌ಆರ್‌ಎ ಜೀನ್ ಕೆಟ್ಟಿರುವುದು ಗಡ್ಡೆಯ ಕೋಶಗಳಲ್ಲಿ ಮಾತ್ರ. ಅದು ಮಕ್ಕಳಿಗೆ ದಾಟುವುದಿಲ್ಲ. ಖಾರ, ಸಿಗರೇಟು, ಗ್ಯಾಸ್ಟ್ರಿಕ್ ಯಾವುದಕ್ಕೂ ಜಿಸ್ಟ್ ಜೊತೆ ನಂಟು ಸಾಬೀತಾಗಿಲ್ಲ. ವಯಸ್ಸೇ ದೊಡ್ಡ ಅಂಶ, ಹೆಚ್ಚಿನವರು 50 ದಾಟಿದವರು.

ಮೊದಲು ಗಡ್ಡೆಯ ಮ್ಯುಟೇಶನ್ (ಜೀನ್ ದೋಷ) ವರದಿ ಕೇಳಿ. 'ವೈಲ್ಡ್ ಟೈಪ್', ಅಂದರೆ ಕಿಟ್, ಪಿಡಿಜಿಎಫ್‌ಆರ್‌ಎ ಎರಡರಲ್ಲೂ ದೋಷವಿಲ್ಲ ಅಂತ ಬಂದರೆ ಮಾತು ಬೇರೆ. ಆಗ ಅದೇ ಬಯಾಪ್ಸಿ ಬ್ಲಾಕ್ (ಕಾದಿಟ್ಟ ಗಡ್ಡೆಯ ತುಣುಕು) ಮೇಲೆ ಎಸ್‌ಡಿಎಚ್‌ಬಿ ಎಂಬ ಪ್ರೋಟೀನ್ ಇದೆಯಾ ಅಂತ ತೋರಿಸುವ ಸ್ಟೇನ್ ಮಾಡಿಸಬೇಕು, ಹೊಸದಾಗಿ ಚುಚ್ಚುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಬಣ್ಣ ಹಿಡಿಯದಿದ್ದರೆ ಎಸ್‌ಡಿಎಚ್ (ಕೋಶಕ್ಕೆ ಶಕ್ತಿ ಒದಗಿಸುವ ಒಂದು ಕಿಣ್ವ) ದೋಷ. ಇದು ಹೆಚ್ಚಾಗಿ ಎಳೆಯರಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ಜಠರದಲ್ಲಿ ಕಾಣುತ್ತದೆ. ಇದರ ಒಂದು ಬಗೆ, ಕಾರ್ನಿ-ಸ್ಟ್ರಾಟಾಕಿಸ್, ವಂಶದಲ್ಲಿ ಹರಿಯುತ್ತದೆ, ಜೊತೆಗೆ ಪ್ಯಾರಾಗ್ಯಾಂಗ್ಲಿಯೋಮ (ಬಿಪಿ ಏರಿಸುವ ಹಾರ್ಮೋನ್ ಸುರಿಸಬಲ್ಲ ಗಡ್ಡೆ) ಇರಬಹುದು. ಅದನ್ನು ಆ ಹಾರ್ಮೋನಿನ ಕುರುಹು ಅಳೆಯುವ ಮೆಟಾನೆಫ್ರಿನ್ ಪರೀಕ್ಷೆಯಿಂದ ಪತ್ತೆಮಾಡದೆ ಆಪರೇಷನ್‌ಗೆ ಇಳಿದರೆ ಅರಿವಳಿಕೆಯಲ್ಲಿ ಬಿಪಿ ಹುಚ್ಚುಚ್ಚಾಗಿ ಏರಬಹುದು.

ಅಪ್ಪನ ಮೈಮೇಲೂ ಕಣ್ಣಾಡಿಸಿ. 15 ಮಿಲಿಮೀಟರ್‌ಗಿಂತ ದೊಡ್ಡ, ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆ ಆರೋ ಹೆಚ್ಚೋ ಇದ್ದರೆ, ಕಂಕುಳಲ್ಲಿ ಸಣ್ಣ ಚುಕ್ಕೆಗಳಿದ್ದರೆ ನ್ಯೂರೋಫೈಬ್ರೊಮಟೋಸಿಸ್ 1 (ಚರ್ಮ, ನರಗಳ ಒಂದು ಆನುವಂಶಿಕ ಕಾಯಿಲೆ) ಶಂಕಿಸಬೇಕು. ಅದರಲ್ಲಿ ಗಡ್ಡೆಗಳು ಸಣ್ಣಕರುಳಲ್ಲಿ, ಹಲವು. ಜಿಸ್ಟ್‌ಗೆ ಕೊಡುವ ಮುಖ್ಯ ಮಾತ್ರೆ ಇಮಾಟಿನಿಬ್ ಅಷ್ಟಾಗಿ ಕೆಲಸ ಮಾಡದು. ಹುಟ್ಟಿನಿಂದಲೇ ಬರುವ ಕಿಟ್ ದೋಷ ತೀರಾ ವಿರಳ, ಆದರೆ ಇದ್ದರೆ ಪ್ರತಿ ಮಗುವಿಗೂ ಶೇ. 50 ಸಾಧ್ಯತೆ.

ಇವುಗಳಲ್ಲಿ ಯಾವುದಾದರೂ ಕಂಡರೆ ಜೆನೆಟಿಕ್ ಕೌನ್ಸೆಲರ್ ಬಳಿ ಮೊದಲು ಅಪ್ಪನ ರಕ್ತ ಕೊಡಿ, ನಿಮ್ಮದಲ್ಲ. ಅವರಲ್ಲಿ ಯಾವ ದೋಷ ಅಂತ ಗೊತ್ತಾಗದೆ ನಿಮ್ಮ 'ನೆಗೆಟಿವ್'ಗೆ ಅರ್ಥವಿಲ್ಲ.