ಆಸ್ಪತ್ರೆಯ ಸರದಿಗೆ ಮಂತ್ರಿ ಏಕೆ ಉತ್ತರ ಹೇಳಬೇಕು?

ಮಾನ್ಯರೇ,

‘ಎನ್‌ಎಚ್‌ಎಸ್ ಇಂಗ್ಲೆಂಡ್’ ಎಂಬ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ದಿನನಿತ್ಯದ ಆಡಳಿತ ನೋಡಿಕೊಳ್ಳುವ ಸಂಸ್ಥೆಯನ್ನು ರದ್ದುಪಡಿಸಿ ಅದರ ಕೆಲಸವನ್ನು ಆರೋಗ್ಯ ಇಲಾಖೆಗೇ ಒಪ್ಪಿಸುವುದಾಗಿ ಬ್ರಿಟನ್ ಸರ್ಕಾರ 2025ರ ಮಾರ್ಚ್ 13ರಂದು ಘೋಷಿಸಿತು. ಆ ತೀರ್ಮಾನವನ್ನು ನಾವು ಸ್ವಾಗತಿಸಿದ್ದಕ್ಕೆ ನಿಮ್ಮ ಆಕ್ಷೇಪವಿದೆ. ‘ಆಸ್ಪತ್ರೆ ನಡೆಸುವುದು ತಜ್ಞರ ಕೆಲಸ, ರಾಜಕಾರಣಿಗಳು ದೂರವಿದ್ದಷ್ಟೂ ರೋಗಿಗೆ ಕ್ಷೇಮ’ ಎಂದು ಬರೆದಿದ್ದೀರಿ.

ಯಾವ ರೋಗಿಗೆ ಯಾವ ಚಿಕಿತ್ಸೆ ಎನ್ನುವಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಆದರೆ ಒಟ್ಟು ಎಷ್ಟು ಹಣ, ನರ್ಸುಗಳಿಗೆ ಎಷ್ಟು ಸಂಬಳ, ವೈದ್ಯ ಶಿಕ್ಷಣಕ್ಕೆ ಎಷ್ಟು ಸೀಟು ಎಂಬುದನ್ನು ಯಾವ ತಜ್ಞರೂ ತೀರ್ಮಾನಿಸುವುದಿಲ್ಲ. ತೆರಿಗೆ ಹಣದಿಂದ ನಡೆಯುವ ಸೇವೆಯಲ್ಲಿ ಇವು ಸರ್ಕಾರದ ಕೈಯಲ್ಲೇ ಇರುತ್ತವೆ. ತೊಡಕು ಹುಟ್ಟಿದ್ದೂ ಅಲ್ಲಿಯೇ.

1948ರಲ್ಲಿ ಈ ಆರೋಗ್ಯ ಸೇವೆ ಆರಂಭವಾದಾಗಿನಿಂದ ಅದನ್ನು ಒದಗಿಸುವ ಕರ್ತವ್ಯವನ್ನು ಕಾನೂನು ಮಂತ್ರಿಯ ಮೇಲೆ ಹೊರಿಸಿತ್ತು. 2012ರ ಕಾಯ್ದೆ ಆ ಕರ್ತವ್ಯವನ್ನು ಸಡಿಲಿಸಿತು. ಮಂತ್ರಿ ವರ್ಷಕ್ಕೊಮ್ಮೆ ‘ಮ್ಯಾಂಡೇಟ್’ ಎಂಬ ಆದೇಶಪತ್ರ ಕೊಡುವುದು, ದಿನನಿತ್ಯದ ಆಡಳಿತವನ್ನು ಈಗ ರದ್ದಾಗಲಿರುವ ಈ ಸ್ವಾಯತ್ತ ಸಂಸ್ಥೆ ನೋಡಿಕೊಳ್ಳುವುದು ಎಂದಾಯಿತು. ಸಂಸತ್ತಿಗೆ ಉತ್ತರ ಹೇಳುವ ಹೊಣೆ ಮಂತ್ರಿಯದೇ ಎಂದು ಅದೇ ಕಾಯ್ದೆಯಲ್ಲಿ ಬರೆದಿದ್ದರೂ, ಚಿಕಿತ್ಸೆಗೆ ಕಾಯುವವರ ಸರದಿ ಬೆಳೆದಾಗ ‘ಅದು ಸಂಸ್ಥೆಯ ಕೆಲಸ’ ಎಂದು ಮಂತ್ರಿ, ‘ಕೊಟ್ಟ ಹಣ ಸಾಲದು’ ಎಂದು ಸಂಸ್ಥೆಯವರು ಕೈತೊಳೆದುಕೊಳ್ಳಲು ದಾರಿಯಾಯಿತು. 2010ರ ದಶಕದಲ್ಲಿ ಕಟ್ಟಡ ಮತ್ತು ಯಂತ್ರಗಳಿಗೆ ಮೀಸಲಾಗಿದ್ದ ಹಣವನ್ನು ವರ್ಷವರ್ಷವೂ ದಿನದ ಖರ್ಚಿಗೆ ತಿರುಗಿಸಿದರು. ಸರ್ಕಾರದ ಒಪ್ಪಿಗೆಯಿಲ್ಲದೆ ಅದು ಆಗುವಂಥದ್ದಲ್ಲ. ಆದರೂ ಹಳೆಯ ಯಂತ್ರ ಕೆಟ್ಟುನಿಂತಾಗ ಬೈಸಿಕೊಂಡವರು ಆಸ್ಪತ್ರೆಯ ಆಡಳಿತದವರು. ಅಧಿಕಾರ ಒಂದು ಕಡೆ, ಉತ್ತರ ಇನ್ನೊಂದು ಕಡೆ ಇರುವ ಈ ವ್ಯವಸ್ಥೆಯನ್ನು ನಾವು ಒಪ್ಪಲಾರೆವು.

ಹಾಗೆಂದು ಸಂಸ್ಥೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. 2022ರ ಕಾಯ್ದೆಯೇ ಆ ಸಂಸ್ಥೆಗೆ ನಿರ್ದೇಶನ ನೀಡುವ ಅಧಿಕಾರವನ್ನು ಮಂತ್ರಿಗೆ ಮರಳಿ ಕೊಟ್ಟಿತ್ತು, ಸರದಿ ಕರಗಲಿಲ್ಲ. ಹೊಣೆಗಾರಿಕೆ ನಿಜವಾಗಿ ನಿಲ್ಲುವುದು ಅಥವಾ ಬೀಳುವುದು ಅಂಕಿಅಂಶಗಳಲ್ಲಿ. ರೋಗಿ ಕಾದ ಹೊತ್ತನ್ನು ಅಳೆಯುವ ಯಾವ ಗಡಿಯಾರ ಎಲ್ಲಿಂದ ಓಡುತ್ತದೆ ಎಂಬುದನ್ನು ನೋಡಬೇಕು.

ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಲ್ಲಿ ಶೇ. 95 ಮಂದಿ 4 ಗಂಟೆಯೊಳಗೆ ವಾರ್ಡಿಗೋ ಬೇರೆ ಆಸ್ಪತ್ರೆಗೋ ಮನೆಗೋ ಹೋಗಿರಬೇಕು ಎಂಬುದು ಅಲ್ಲಿನ ಗುರಿ. 2015ರ ಬೇಸಿಗೆಯ ನಂತರ ಇಂಗ್ಲೆಂಡ್ ಅದನ್ನು ಮುಟ್ಟಿಲ್ಲ. ರೋಗಿಯನ್ನು ಆಂಬುಲೆನ್ಸ್‌ನಲ್ಲೇ ಕೂರಿಸಿ ಗಡಿಯಾರ ತಡೆಹಿಡಿಯಬಾರದೆಂದು, ಒಳಗೆ ಕರೆದುಕೊಳ್ಳದಿದ್ದರೂ ಆಂಬುಲೆನ್ಸ್ ಬಂದ 15 ನಿಮಿಷಕ್ಕೆ ಲೆಕ್ಕ ಶುರು ಎಂಬ ನಿಯಮವಿದೆ. ಇಷ್ಟು ಎಚ್ಚರ ವಹಿಸಿದವರೇ 12 ಗಂಟೆಯ ಕಾಯುವಿಕೆಯನ್ನು ಬಹುಕಾಲ ಬೇರೆ ರೀತಿ ಎಣಿಸಿದರು: ‘ದಾಖಲು ಮಾಡಿಕೊಳ್ಳೋಣ’ ಎಂದು ವೈದ್ಯರು ನಿರ್ಧರಿಸಿದ ಕ್ಷಣದಿಂದ. ಬೆಳಿಗ್ಗೆ 8ಕ್ಕೆ ಬಂದ ವೃದ್ಧೆಯನ್ನು ದಾಖಲಿಸಬೇಕೆಂದು ಸಂಜೆ 6ಕ್ಕೆ ತೀರ್ಮಾನಿಸಿ, ಮರುದಿನ ಬೆಳಗಿನ ಜಾವ 5ಕ್ಕೆ ಹಾಸಿಗೆ ಕೊಟ್ಟರೆನ್ನಿ. ಆಕೆ ಟ್ರಾಲಿಯ ಮೇಲೆ ಕಳೆದದ್ದು 21 ಗಂಟೆ, ಲೆಕ್ಕಕ್ಕೆ ಸಿಕ್ಕಿದ್ದು 11. ಅಂದರೆ 12 ಮೀರಿದವರ ಪಟ್ಟಿಯಲ್ಲಿ ಆಕೆ ಇಲ್ಲವೇ ಇಲ್ಲ. ಬಂದ ಹೊತ್ತಿನಿಂದ ಎಣಿಸಿದ ಅಂಕಿಗಳು ತಿಂಗಳು ತಿಂಗಳೂ ಪ್ರಕಟವಾಗತೊಡಗಿದ್ದು 2023ರಿಂದ.

ತುರ್ತಲ್ಲದ ಯೋಜಿತ ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕೆಂಬ ಗುರಿಯಲ್ಲೂ ಇಂಥದ್ದೇ ಬಿರುಕಿತ್ತು. ಮೊದಲು ಕಾಯುವಿಕೆ ಮುಗಿದು ಚಿಕಿತ್ಸೆ ದೊರೆತವರನ್ನಷ್ಟೇ ಎಣಿಸುತ್ತಿದ್ದರು. ಆಗಲೇ 30 ವಾರ ಕಾದವರಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಆಸ್ಪತ್ರೆಗೆ ಸೋಲು, ಇನ್ನೂ ಕಾಯಿಸಿದರೆ ಏನೂ ಇಲ್ಲ! ಅಂದರೆ ಹೆಚ್ಚು ನೊಂದವರನ್ನೇ ಹಿಂದಕ್ಕೆ ತಳ್ಳುವ ಲೆಕ್ಕ. 2012ರಲ್ಲಿ ಇನ್ನೂ ಕಾಯುತ್ತಿರುವವರ ಲೆಕ್ಕವನ್ನು ಸೇರಿಸಿ, 2015ರಲ್ಲಿ ಹಳೆಯ ಅಳತೆಗಳನ್ನು ಕೈಬಿಟ್ಟರು. ಗುರಿ ಇಟ್ಟವರು ಅಳತೆಯನ್ನೂ ತಾವೇ ಬದಲಿಸುವಂತಿರಬಾರದು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ರಾಜಕೀಯ ಹಸ್ತಕ್ಷೇಪದ ಬಗ್ಗೆ ನಿಮಗಿರುವ ಭಯಕ್ಕೆ ಬ್ರಿಟನ್ನಿನಲ್ಲಿ ಒಂದು ಮದ್ದಿದೆ. ಮಂತ್ರಿ ಮಾಡಹೊರಟ ಖರ್ಚು ದಂಡವೆಂದೋ ಕಾರ್ಯಸಾಧ್ಯವಲ್ಲವೆಂದೋ ಇಲಾಖೆಯ ಲೆಕ್ಕಾಧಿಕಾರ ಹೊತ್ತ ಹಿರಿಯ ಅಧಿಕಾರಿಗೆ ಅನ್ನಿಸಿದರೆ, ಅವರು ಲಿಖಿತ ಆದೇಶ ಕೇಳಬಹುದು. ಆ ಪತ್ರ ಮಹಾಲೆಕ್ಕಪರಿಶೋಧಕರಿಗೂ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೂ ಹೋಗುತ್ತದೆ. ಮಂತ್ರಿಯನ್ನು ತಡೆಯುವುದಿಲ್ಲ, ಆದರೆ ನಿರ್ಧಾರ ಯಾರದೆಂದು ಸಹಿಸಮೇತ ದಾಖಲಾಗುತ್ತದೆ. ಬಾಯಿಮಾತಿನ ಒತ್ತಡವೇ ಹೆಚ್ಚು ಅಪಾಯಕಾರಿ.

ಅಂದಹಾಗೆ, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಆರೋಗ್ಯ ಸೇವೆಗೆ ಅಲ್ಲಲ್ಲಿನ ಸರ್ಕಾರಗಳೇ ಹೊಣೆ. ಲಂಡನ್ನಿನ ಆರೋಗ್ಯ ಮಂತ್ರಿಯ ಈ ಬದಲಾವಣೆ ಇಂಗ್ಲೆಂಡಿಗೆ ಮಾತ್ರ.

ಸಂಸ್ಥೆಯನ್ನು ಪೂರ್ತಿ ಮುಚ್ಚಲು ಹೊಸ ಕಾನೂನು ಬೇಕು. ಅದರಲ್ಲಿ ನಾವು ಮೊದಲು ಹುಡುಕುವುದು ಸಿಬ್ಬಂದಿಗೆ ಸಂಬಂಧಿಸಿದ ವಿಧಿಯನ್ನು. ನರ್ಸು, ವೈದ್ಯರ ಅಗತ್ಯವನ್ನು ಅಂದಾಜಿಸುವ ವ್ಯವಸ್ಥೆ ಹೇಗಿದೆ ಎಂದು 5 ವರ್ಷಕ್ಕೊಮ್ಮೆಯಾದರೂ ವಿವರಿಸಬೇಕು, ಇಷ್ಟೇ 2022ರ ಕಾಯ್ದೆ ಮಂತ್ರಿಗೆ ವಿಧಿಸಿದ್ದು. ಎಷ್ಟು ಜನ ಬೇಕು ಎಂಬ ಸ್ವತಂತ್ರ ಅಂದಾಜನ್ನು 2 ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂಬ ತಿದ್ದುಪಡಿಯನ್ನು ಆಗಿನ ಸರ್ಕಾರ ಸಂಸತ್ತಿನಲ್ಲಿ ಸೋಲಿಸಿತು. ಆ ಸಂಖ್ಯೆ ಪ್ರಕಟವಾಗದಿದ್ದರೆ ಕೊರತೆ ಎಷ್ಟೆಂದು ಮಂತ್ರಿಯನ್ನು ಕೇಳಲು ಯಾರ ಬಳಿಯೂ ಆಧಾರವಿರುವುದಿಲ್ಲ.

– ಸಂಪಾದಕರು